ಮೊದಲು ಸದ್ದು ಅಡಗಿತು, ವಿಷ ಆಮೇಲೆ: ಕಾರಿನ ಸೈಲೆನ್ಸರ್ ನಡೆದು ಬಂದ ದಾರಿ

ಹೋದ ಮಳೆಗಾಲದ ಕೊನೆಗೆ ನಮ್ಮ ಮಾರುತಿ 800 ಊರಿಗೆ ಬರುವ ಮೊದಲು ಅದರ ಸದ್ದು ಬರುತ್ತಿತ್ತು. ಕಾರು ಇನ್ನೂ ಕೆರೆ ಏರಿ ಮೇಲಿರುವಾಗಲೇ ಬಸ್ ಸ್ಟ್ಯಾಂಡಿನ ಕಟ್ಟೆ ಮೇಲೆ ಕೂತವರು "ಪೇಪರ್‌ನವರು ಬಂದ್ರು ನೋಡ್ರಿ" ಅನ್ನುತ್ತಿದ್ದರು. ಸೈಲೆನ್ಸರ್ ತುಕ್ಕು ಹಿಡಿದು ತೂತು ಬಿದ್ದಿತ್ತು. ಬೈಂಡಿಂಗ್ ತಂತಿ ಕಟ್ಟಿಕೊಂಡು ಎರಡು ವಾರ ಓಡಿಸಿದೆವು. ಒಂದು ದಿನ ಹಂಪ್ ದಾಟುವಾಗ ತಂತಿಯೂ ಹರಿದು, ಸೈಲೆನ್ಸರ್ ನೆಲಕ್ಕೆ ಉಜ್ಜಿ ಕಿಡಿ ಹಾರಿತು.

ಈ ಕಾರು ನಾವು ಮೂವರು ವರದಿಗಾರರು ಸೇರಿ ಕೊಂಡದ್ದು. 2006ರ ಗಾಡಿ, ನಮಗೆ ಬರುವ ಹೊತ್ತಿಗೆ ಮೂರು ಕೈ ದಾಟಿತ್ತು. ಹಾವೇರಿ ಹತ್ತಿರ ಪಿ.ಬಿ. ರಸ್ತೆಯ ಬದಿಗೆ ಸೈಲೆನ್ಸರ್ ಕೆಲಸ ಮಾಡುವ ಒಬ್ಬ ಹಿರಿಯ ಮೇಸ್ತ್ರಿ ಇದ್ದಾರೆ. ಎಲ್ಲರೂ ಚಾಚಾ ಅನ್ನುತ್ತಾರೆ. ಅವರ ಬಳಿ ಒಯ್ದೆವು. ಹೊರಗಿನ ಮಾಲಿನದೊಂದು ಸೈಲೆನ್ಸರ್ ಹಾಕಿಸಿ, ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗುವುದು ಲೆಕ್ಕ.

ಚಾಚಾ ಕಾರಿನಡಿ ಮಲಗಿ, ಎಂಜಿನ್ ಕಡೆಯ ಒಂದು ದಪ್ಪ ಡಬ್ಬಿಯನ್ನು ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಖಾಲಿ ಕೊಡ ಬಡಿದಂಥ ಸದ್ದು ಬಂತು.

"ಇದರ ಹೊಟ್ಟಿ ಖಾಲಿ ಐತ್ರಿ ಸರ. ಒಳಗಿನ ಮಾಲು ಯಾರೋ ತಕ್ಕೊಂಡು ಹೋಗ್ಯಾರ. ಬರೀ ಡಬ್ಬಿ ಬೆಸುಗಿ ಹಾಕಿ ಬಿಟ್ಟಾರ."

ಸದ್ದು ಮಾಡುತ್ತಿದ್ದ ತೂತನ್ನು ಇಡೀ ಊರೇ ಕೇಳಿತ್ತು. ಸದ್ದು ಮಾಡದ ಈ ಕೊರತೆಯನ್ನು ನಾಲ್ಕು ವರ್ಷ ಕಾರು ಓಡಿಸಿದ ನಾವೇ ಕಂಡಿರಲಿಲ್ಲ. ಆಮೇಲೆ ಈ ಕೊಳವೆಯ ಇತಿಹಾಸ ಓದುತ್ತಾ ಹೋದಂತೆ ಒಂದು ಮಾತು ಹೊಳೆಯಿತು. ನಾವು ಮಾಡಿದ ತಪ್ಪನ್ನೇ ಜಗತ್ತೂ ಮಾಡಿತ್ತು. ಕಾರಿನ ಸದ್ದು ಎಲ್ಲರ ಕಿವಿಗೂ ಬಿತ್ತು, ಅದಕ್ಕೆ ಬೇಗ ಮದ್ದು ಸಿಕ್ಕಿತು. ಕಾರಿನ ವಿಷ ಕಣ್ಣಿಗೆ ಬೀಳಲಿಲ್ಲ, ಅದರ ಮದ್ದಿಗೆ ಇನ್ನೂ ಮುಕ್ಕಾಲು ಶತಮಾನ ಹಿಡಿಯಿತು.

ಕುದುರೆ ಬೆದರಿದ ಕಾಲ

ಎಂಜಿನ್ನಿನೊಳಗೆ ಪೆಟ್ರೋಲ್ ಉರಿದು ಪಿಸ್ಟನ್ನನ್ನು ತಳ್ಳುತ್ತದೆ. ಉರಿದ ಗಾಳಿ ಹೊರಹೋಗಲು ವಾಲ್ವ್ ತೆರೆದಾಗ ಒಳಗೆ ಇನ್ನೂ ಒತ್ತಡ ಉಳಿದಿರುತ್ತದೆ. ಅದು ಒಮ್ಮೆಲೇ ಹೊರನುಗ್ಗುವ ಸದ್ದೇ ಪಟಾಕಿಯಂಥ 'ಢಬ್'. ನಿಮಿಷಕ್ಕೆ ಸಾವಿರಾರು ಢಬ್ ಸೇರಿದರೆ ಗುಡುಗು.

ಅಮೆರಿಕದ ಇಂಡಿಯಾನಾ ರಾಜ್ಯದ ಕೊಲಂಬಸ್ ಊರಿನ ಮಿಲ್ಟನ್ ರೀವ್ಸ್ 1896ರಲ್ಲಿ ಒಂದು ಮೋಟಾರು ಗಾಡಿ ಕಟ್ಟಿದ. ರಸ್ತೆ ತುಂಬ ಕುದುರೆಗಾಡಿಗಳಿದ್ದ ಕಾಲ ಅದು. ಎಂಜಿನ್ ಸದ್ದಿಗೆ ಕುದುರೆ ಬೆದರಿದರೆ ಗಾಡಿ ಮಗುಚುವ ಭಯ. ರೀವ್ಸ್ ಸಹೋದರರು 1897ರಲ್ಲಿ ಎಕ್ಸಾಸ್ಟ್ ಸದ್ದು ತಗ್ಗಿಸುವ ಡಬ್ಬಿಗೆ ಪೇಟೆಂಟ್ ಪಡೆದರು. ಕಾರು ಇನ್ನೂ ಅಂಬೆಗಾಲಿಡುತ್ತಿದ್ದಾಗಲೇ ಸೈಲೆನ್ಸರ್ ಬಂದಿತ್ತು.

ಅದರ ಉಪಾಯ ಸರಳ. ಕಿರಿದಾದ ಕೊಳವೆಯಿಂದ ಬಂದ ಗಾಳಿಯನ್ನು ದೊಡ್ಡ ಡಬ್ಬಿಗೆ ಬಿಟ್ಟರೆ ಅದು ಹಿಗ್ಗುತ್ತದೆ, ರಭಸ ಕಳೆದುಕೊಳ್ಳುತ್ತದೆ. ಒಳಗೆ ತೂತಿನ ಕೊಳವೆ, ಅಡ್ಡ ತಗಡು ಇಟ್ಟರೆ ಸದ್ದಿನ ಅಲೆಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಸೊರಗುತ್ತವೆ. ಕೆಲವು ಸೈಲೆನ್ಸರ್‌ಗಳಲ್ಲಿ ಗಾಜಿನ ನಾರು ತುಂಬಿ ಸದ್ದನ್ನು ಹೀರಿಸುತ್ತಾರೆ. ಇಂದಿಗೂ ಅದೇ ಉಪಾಯ.

ಸೈಲೆನ್ಸರ್ ಬಂದ ಕೂಡಲೇ ಅದನ್ನು ತಪ್ಪಿಸುವ ದಾರಿಯೂ ಬಂತು. ಹಳೆಯ ಕಾರುಗಳಲ್ಲಿ 'ಕಟ್‌ಔಟ್' ಎಂಬ ಬಾಗಿಲಿರುತ್ತಿತ್ತು. ಅದನ್ನು ತೆರೆದರೆ ಹೊಗೆ ಸೈಲೆನ್ಸರ್‌ಗೆ ಹೋಗದೆ ನೇರ ಹೊರಗೆ ಹೋಗುತ್ತಿತ್ತು. ದಿಣ್ಣೆ ಹತ್ತುವಾಗ ಶಕ್ತಿ ಸಿಗಲಿ ಅಂತ ಒಂದು ನೆಪ, ಜನ ತಿರುಗಿ ನೋಡಲಿ ಅಂತ ಒಳಗಿನ ಆಸೆ. ಜಾತ್ರೆಯಲ್ಲಿ ಬೈಕಿನ ಸೈಲೆನ್ಸರ್ ಬಿಚ್ಚಿ ಗುಡುಗಿಸುವ ನಮ್ಮ ಹುಡುಗರಿಗೆ ನೂರು ವರ್ಷ ಹಿಂದೆಯೇ ಅಣ್ಣಂದಿರಿದ್ದರು ಅನ್ನಿ.

ಹೊರಗಿನ ಸೈಲೆನ್ಸರ್‌ಗೆ ಮಾರುಕಟ್ಟೆ

ಕಂಪನಿ ಕೊಟ್ಟ ಸೈಲೆನ್ಸರ್ ಬಿಟ್ಟು ಹೊರಗಿನದು ಹಾಕಿಸುವ ವ್ಯಾಪಾರ ಬೆಳೆದದ್ದು ಎರಡನೇ ಮಹಾಯುದ್ಧದ ನಂತರ. ಅದಕ್ಕೆ ಎರಡು ಕಾರಣ. ಒಂದು ಶೋಕಿ, ಇನ್ನೊಂದು ತುಕ್ಕು.

ಶೋಕಿಯ ಕಡೆ ದೊಡ್ಡ ಹೆಸರು ಕಾರ್ಲೊ ಅಬಾರ್ಥ್. ಆಸ್ಟ್ರಿಯಾ ಮೂಲದ ಈತ 1949ರಲ್ಲಿ ಇಟಲಿಯಲ್ಲಿ ರೇಸಿಂಗ್ ಕಂಪನಿ ಕಟ್ಟಿದ. ರೇಸಿಗೆ ಬೇಕಾದ ದುಡ್ಡಿಗಾಗಿ ಫಿಯಟ್‌ನಂಥ ಸಾಮಾನ್ಯರ ಕಾರುಗಳಿಗೆ ವಿಶೇಷ ಎಕ್ಸಾಸ್ಟ್ ಮಾಡಿ ಮಾರಿದ. ಸಣ್ಣ ಸಂಬಳದವನ ಸಣ್ಣ ಕಾರಿಗೂ ರೇಸ್ ಕಾರಿನ ದನಿ ಬಂತು. ಮುಂಬೈಯ ಟ್ಯಾಕ್ಸಿಗಳಾಗಿ ನಾವು ಕಂಡ ಪ್ರೀಮಿಯರ್ ಪದ್ಮಿನಿ ಅದೇ ಫಿಯಟ್ ಮನೆತನದ ಕೂಸು.

ತುಕ್ಕಿನ ಕಡೆ ಹೆಸರು ಮೈಡಾಸ್. 1956ರಲ್ಲಿ ಅಮೆರಿಕದ ಜಾರ್ಜಿಯಾದ ಮೇಕನ್ ಊರಿನಲ್ಲಿ ಶುರುವಾದ ಈ ಅಂಗಡಿ, ಕಾರು ನಿಮ್ಮ ಕೈಲಿರುವ ತನಕ ಸೈಲೆನ್ಸರ್‌ಗೆ ಗ್ಯಾರಂಟಿ ಎಂದು ಹೇಳಿ ದೇಶವೆಲ್ಲ ಹರಡಿತು. ಸೈಲೆನ್ಸರ್ ಕೊಳೆಯುವುದು ಅಷ್ಟು ಸಾಮಾನ್ಯವಾಗಿತ್ತು.

ಯಾಕೆ ಕೊಳೆಯುತ್ತದೆ? ಬಹಳ ಜನ ರಸ್ತೆಯ ಕೆಸರನ್ನು ಬೈಯುತ್ತಾರೆ. ಅರ್ಧ ಸತ್ಯ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರೂ ಹುಟ್ಟುತ್ತದೆ. ಆವಿಯಾಗಿ ಹೊರಡುವ ಈ ನೀರು ತಣ್ಣಗಿನ ಸೈಲೆನ್ಸರ್‌ನಲ್ಲಿ ಹನಿಗಟ್ಟುತ್ತದೆ. ಇಂಧನದ ಗಂಧಕ ಸೇರಿ ಆಮ್ಲವಾಗುತ್ತದೆ. ದೂರ ಓಡಿದರೆ ಕಾವಿಗೆ ಒಣಗಿ ಹೋದೀತು. ಮನೆಯಿಂದ ಸಂತೆಗೆ, ಸಂತೆಯಿಂದ ಮನೆಗೆ ಎರಡೆರಡು ಕಿಲೋಮೀಟರ್ ಓಡುವ ಕಾರಿನಲ್ಲಿ ನೀರು ಅಲ್ಲೇ ನಿಂತು ತಗಡನ್ನು ಒಳಗಿನಿಂದ ತಿನ್ನುತ್ತದೆ. ನಮ್ಮ ಕಾರಿನ ಕಥೆ ಅದೇ.

ನಮ್ಮಲ್ಲಿ ಬಹಳ ಕಾಲ ಇದ್ದದ್ದು ಅಂಬಾಸಿಡರ್, ಪದ್ಮಿನಿಯಂಥ ಬೆರಳೆಣಿಕೆಯ ಕಾರುಗಳು. ಚಾಚಾ ಕೆಲಸ ಕಲಿತ ದಿನಗಳಲ್ಲಿ ಅಂಬಾಸಿಡರ್‌ಗೆ ತಗಡು ಕತ್ತರಿಸಿ, ಬಾಗಿಸಿ, ಗ್ಯಾಸ್ ಬೆಸುಗೆ ಹಾಕಿ ಸೈಲೆನ್ಸರ್ ಕಟ್ಟುತ್ತಿದ್ದರಂತೆ. ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳ ಜೋಡಿ ಸೈಲೆನ್ಸರ್ ಬಿಚ್ಚಿ, ಒಳಗಿನ ಮಸಿ ಸುಟ್ಟು ತೆಗೆಯುವುದು ವಾರದ ಕೆಲಸವಂತೆ. ಸದ್ದು, ಮಸಿ, ತುಕ್ಕು. ಆಗ ಸೈಲೆನ್ಸರ್ ಅಂದರೆ ಇಷ್ಟೇ.

ಕಾಣದ ವಿಷ

ಆ ಕೊಳವೆಯಲ್ಲಿ ಇನ್ನೊಂದು ಇತಿಹಾಸವೂ ಹರಿಯುತ್ತಿತ್ತು. 1921ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಎಂಬ ಎಂಜಿನಿಯರ್, ಪೆಟ್ರೋಲಿಗೆ ಸೀಸದ ಒಂದು ಸಂಯುಕ್ತ ಬೆರೆಸಿದರೆ ಎಂಜಿನ್ನಿನ 'ನಾಕಿಂಗ್' ನಿಲ್ಲುತ್ತದೆ ಎಂದು ಕಂಡುಹಿಡಿದ. 1923ರಲ್ಲಿ ಅದು ಮಾರಾಟಕ್ಕೆ ಬಂತು. 1924ರಲ್ಲಿ ನ್ಯೂಜೆರ್ಸಿಯ ಒಂದು ರಿಫೈನರಿಯಲ್ಲಿ ಈ ದ್ರವ ತಯಾರಿಸುತ್ತಿದ್ದ ಕಾರ್ಮಿಕರು ಭ್ರಮೆ ಹಿಡಿದು ಸತ್ತರು. ಸೀಸ ವಿಷ ಎನ್ನುವುದು ಅದಕ್ಕೂ ಮೊದಲೇ ಗೊತ್ತಿತ್ತು. ಆದರೂ ವ್ಯಾಪಾರ ನಿಲ್ಲಲಿಲ್ಲ. ಆಮೇಲೆ ಐವತ್ತು ವರ್ಷ ಜಗತ್ತಿನ ಕಾರುಗಳು ಹೊಗೆಯ ಜೊತೆ ಸೀಸವನ್ನು ಉಗುಳಿದವು. ರಸ್ತೆ ಬದಿ ಆಡುವ ಮಕ್ಕಳ ರಕ್ತಕ್ಕೆ ಅದು ಸೇರಿತು. ಸೀಸ ಮೊದಲು ಕೆಡಿಸುವುದು ಮಕ್ಕಳ ಮಿದುಳನ್ನು.

1950ರ ಹೊತ್ತಿಗೆ ಲಾಸ್ ಏಂಜಲೀಸ್ ನಗರದ ಮೇಲೆ ಕಣ್ಣು ಉರಿಸುವ ಮಂಜು ಕವಿಯುತ್ತಿತ್ತು. ವಿಜ್ಞಾನಿ ಆರಿ ಹಾಗೆನ್ ಸ್ಮಿಟ್, ಕಾರುಗಳ ಮತ್ತು ತೈಲ ಘಟಕಗಳ ಹೊಗೆ ಬಿಸಿಲಿಗೆ ಬೆಂದು ಈ ಮಂಜಾಗುತ್ತದೆ ಎಂದು ತೋರಿಸಿದರು. ಫ್ರಾನ್ಸಿನಿಂದ ಅಮೆರಿಕಕ್ಕೆ ಹೋಗಿದ್ದ ಯೂಜೀನ್ ಹೌಡ್ರಿ ಅದೇ ಸುಮಾರಿಗೆ ಒಂದು ಉಪಾಯ ಹೂಡಿದರು. ಹೊಗೆ ಕೊಳವೆಯ ನಡುವೆ ಒಂದು ಡಬ್ಬಿ. ಅದರೊಳಗೆ ಹೊಗೆಯ ವಿಷವನ್ನು ಕಡಿಮೆ ಕೇಡಿನ ಗಾಳಿಯಾಗಿ ಬದಲಿಸುವ ವೇಗವರ್ಧಕ. ಅದೇ ಕ್ಯಾಟಲಿಟಿಕ್ ಕನ್ವರ್ಟರ್.

ಉಪಾಯ ಸಿಕ್ಕರೂ ಕಾರಿಗೆ ಹಾಕಲಾಗಲಿಲ್ಲ. ಪೆಟ್ರೋಲಿನ ಸೀಸ ಆ ವೇಗವರ್ಧಕದ ಮೇಲೆ ಲೇಪವಾಗಿ ಕೂತು ಅದನ್ನು ಸಾಯಿಸುತ್ತಿತ್ತು. ವಿಷ ತೆಗೆಯುವ ಯಂತ್ರಕ್ಕೇ ವಿಷ. 1970ರಲ್ಲಿ ಅಮೆರಿಕ ಶುದ್ಧ ಗಾಳಿಯ ಕಾನೂನು ಬಿಗಿ ಮಾಡಿತು. ಕಾರಿನ ಕಾರ್ಬನ್ ಮೊನಾಕ್ಸೈಡ್ ಶೇ. 90ರಷ್ಟು ತಗ್ಗಬೇಕು ಎಂದಿತು. ಪಂಪುಗಳಿಗೆ ಸೀಸರಹಿತ ಪೆಟ್ರೋಲ್ ಬಂತು, 1975ರ ಮಾದರಿಯ ಕಾರುಗಳಿಗೆ ಕನ್ವರ್ಟರ್ ಬಂತು. ಸದ್ದಿನ ಡಬ್ಬಿಗೂ ವಿಷದ ಡಬ್ಬಿಗೂ ನಡುವೆ 78 ವರ್ಷ.

ನಮ್ಮ ಬಂಕಿಗೆ ಬಂದದ್ದು ಕೊನೆಗೆ

ಇನ್ನು ನಮ್ಮ ದೇಶ. ದೆಹಲಿಯ ಹೊಗೆಯ ಬಗ್ಗೆ ವಕೀಲ ಎಂ.ಸಿ. ಮೆಹ್ತಾ 1985ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯ ಒತ್ತಡದಿಂದ ಒಂದೊಂದೇ ಬದಲಾವಣೆ ಬಂತು. 1994ರಲ್ಲಿ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈಗೆ ಕಡಿಮೆ ಸೀಸದ ಪೆಟ್ರೋಲ್. 1995ರ ಏಪ್ರಿಲ್ 1ರಿಂದ ಅದೇ ನಾಲ್ಕು ನಗರಗಳಲ್ಲಿ ಹೊಸ ಪೆಟ್ರೋಲ್ ಕಾರಿಗೆ ಕನ್ವರ್ಟರ್ ಕಡ್ಡಾಯ, ಜೊತೆಗೆ ಸೀಸರಹಿತ ಪೆಟ್ರೋಲ್. 1997ಕ್ಕೆ ದೇಶವೆಲ್ಲ ಕಡಿಮೆ ಸೀಸ. 1998ರ ಕೊನೆಗೆ ರಾಜ್ಯಗಳ ರಾಜಧಾನಿಗಳಲ್ಲಿ ಸೀಸರಹಿತ ಪೆಟ್ರೋಲ್. ಊರು, ಹಳ್ಳಿ ಎನ್ನದೆ ಎಲ್ಲ ಕಡೆ ಸೀಸ ಪೂರ್ತಿ ನಿಂತದ್ದು 2000ದ ಫೆಬ್ರುವರಿ 1ರಿಂದ.

ನಡುವಿನ ಆ ಐದು ವರ್ಷ ಯೋಚಿಸಿ. ಮುಂಬೈಯಲ್ಲಿ ಕೊಂಡ ಹೊಸ ಕಾರು ಪಿ.ಬಿ. ರಸ್ತೆ ಹಿಡಿದು ಬಂದು, ಇಲ್ಲಿನ ಬಂಕಿನಲ್ಲಿ ಸೀಸದ ಪೆಟ್ರೋಲ್ ತುಂಬಿಸಿದರೆ ಅದರ ಕನ್ವರ್ಟರ್ ಕೆಡುತ್ತಿತ್ತು. ಒಂದೇ ರಸ್ತೆ, ಎರಡು ಗಾಳಿ. 1999ರಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಷನ್ ದೊಡ್ಡ ನಗರಗಳಲ್ಲಿ ನಡೆಸಿದ ರಕ್ತ ಪರೀಕ್ಷೆಯ ವರದಿ ಬಂತು. ಪರೀಕ್ಷಿಸಿದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಯ ರಕ್ತದಲ್ಲಿ ಆಗಿನ ಮಿತಿ ಮೀರಿದ ಸೀಸ ಇತ್ತು. ಇದನ್ನು ಓದುವ ಮೂವತ್ತು ದಾಟಿದವರೆಲ್ಲ ಸೀಸದ ಪೆಟ್ರೋಲಿನ ಕಾಲದಲ್ಲಿ ಹುಟ್ಟಿದವರೇ. ನಾವೂ ಹೌದು.

ಜಗತ್ತಿನಲ್ಲಿ ಕಾರುಗಳಿಗೆ ಸೀಸದ ಪೆಟ್ರೋಲ್ ಮಾರುತ್ತಿದ್ದ ಕೊನೆಯ ದೇಶ ಅಲ್ಜೀರಿಯಾ. ಅಲ್ಲಿ ನಿಂತದ್ದು 2021ರಲ್ಲಿ.

ಖಾಲಿ ಡಬ್ಬಿಯ ಬೆಲೆ

ನಮ್ಮ 2006ರ ಕಾರು ಭಾರತ್ ಸ್ಟೇಜ್ 2 ನಿಯಮದ್ದು. ಅಂದರೆ ಇಷ್ಟೆಲ್ಲ ಇತಿಹಾಸದ ಫಲ ಅದರ ಹೊಟ್ಟೆಯಡಿ ಇರಬೇಕಿತ್ತು. ಇದ್ದದ್ದು ಖಾಲಿ ಡಬ್ಬಿ.

ಕನ್ವರ್ಟರ್ ಒಳಗೆ ಜೇನುಗೂಡಿನಂಥ ಸೆರಾಮಿಕ್ ಗಟ್ಟಿ ಇರುತ್ತದೆ. ಅದರ ಕಣ್ಣುಗಳ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ತೆಳು ಲೇಪ. ಇರುವುದು ಕೆಲವೇ ಗ್ರಾಂ, ಆದರೆ ಬಂಗಾರದ ಸಾಲಿನಲ್ಲಿ ಕೂರುವ ಲೋಹಗಳು. ಗುಜರಿಯಲ್ಲಿ ಅದಕ್ಕೆ ಬೆಲೆ ಇದೆ. ಹಿಂದೆ ಎಲ್ಲೋ, ಯಾವುದೋ ರಿಪೇರಿಯ ಹೊತ್ತಿಗೆ, ಯಾರೋ ನಮ್ಮ ಕಾರಿನ ಜೇನುಗೂಡು ಬಿಡಿಸಿಕೊಂಡಿದ್ದರು. ಕಾರು ನಿಲ್ಲಲಿಲ್ಲ, ಸದ್ದು ಬದಲಾಗಲಿಲ್ಲ. ಹಾಗಾಗಿ ಯಾರೂ ಕೇಳಲಿಲ್ಲ.

ಅಲ್ಲಿ ಕೂತಾಗ ನಮಗೆ ಒಂದು ರಾತ್ರಿ ನೆನಪಾಯಿತು. ಮಳೆ ಸುರಿಯುತ್ತಿತ್ತು. ನಮ್ಮ ಓಣಿಯ ತುಂಬು ಗರ್ಭಿಣಿಯೊಬ್ಬರನ್ನು ಕಾರಿನ ಗಾಜು ಪೂರ್ತಿ ಏರಿಸಿ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದಿದ್ದೆವು. ಸೈಲೆನ್ಸರ್ ಆಗಲೇ ತೂತಾಗಿತ್ತು. ಅರ್ಧ ದಾರಿಗೆ ಅವರ ಅತ್ತೆ ತಲೆ ಸಿಡಿಯುತ್ತದೆ ಅಂದರು, ನಮಗೂ ವಾಕರಿಕೆ. ರಸ್ತೆಯ ಗುಂಡಿಗಳನ್ನು ಬೈದುಕೊಂಡೆವು. ತಾಯಿ, ಮಗು ಚೆನ್ನಾಗಿದ್ದಾರೆ. ಆದರೆ ಆ ತಲೆನೋವು ಗುಂಡಿಯದ್ದೇ ಎಂದು ಈಗ ಹೇಳುವ ಧೈರ್ಯ ನಮಗಿಲ್ಲ.

ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿಯುವುದಕ್ಕಿಂತ ಇನ್ನೂರು ಪಟ್ಟು ಹೆಚ್ಚು ಗಟ್ಟಿಯಾಗಿ ಇದನ್ನು ಹಿಡಿಯುತ್ತದೆ. ತಲೆನೋವು, ವಾಕರಿಕೆ, ಮಂಪರು, ಆಮೇಲೆ ಸಾವು. ಗರ್ಭದ ಕೂಸಿಗೆ ಅಪಾಯ ಇನ್ನೂ ಹೆಚ್ಚು. ಕನ್ವರ್ಟರ್ ಇಲ್ಲದ ಪೆಟ್ರೋಲ್ ಕಾರು ಈ ಗಾಳಿಯನ್ನು ಬಹಳ ಹೆಚ್ಚು ಬಿಡುತ್ತದೆ. ಕೊಳವೆಯೂ ನಡುವೆ ಒಡೆದಿದ್ದರೆ ಅದು ಹಿಂದಕ್ಕೆ ಹೋಗದೆ ಕಾರಿನ ತಳದಲ್ಲೇ ತುಂಬಿ, ಸಂದುಗಳಿಂದ ಒಳಗೆ ಬರುತ್ತದೆ.

ನೀವು ಕೇಳಬಹುದು, ಹೊಗೆ ತಪಾಸಣೆಯ ಚೀಟಿ ಇರಲಿಲ್ಲವೇ ಅಂತ. ಇತ್ತು. ಕೊಳವೆಗೆ ಯಂತ್ರದ ನಳಿಕೆ ತೂರಿಸದೆಯೇ ಬಂದ ಚೀಟಿ. ದುಡ್ಡು ಕೊಟ್ಟೆವು, ಚೀಟಿ ತಗೊಂಡೆವು, ಹೊರಟೆವು. ಊರವರನ್ನೆಲ್ಲ ಪ್ರಶ್ನೆ ಕೇಳುವ ಕೆಲಸ ನಮ್ಮದು. ಅವತ್ತು ನಾವು ಪ್ರಶ್ನೆ ಕೇಳಲಿಲ್ಲ.

ಹಾಕಿಸಿದ್ದು ಹೇಗೆ

ಚಾಚಾ ಎರಡು ದಾರಿ ಹೇಳಿದರು. ಖಾಲಿ ಡಬ್ಬಿ ಹಾಗೇ ಇಟ್ಟು ಹಿಂದಿನ ಸೈಲೆನ್ಸರ್ ಮಾತ್ರ ಬದಲಿಸುವುದು ಒಂದು. ಅದಕ್ಕೆ ನಮ್ಮ ಬಳಿ ದುಡ್ಡಿತ್ತು. ಹೊಸ ಕನ್ವರ್ಟರನ್ನೂ ಹಾಕುವುದು ಇನ್ನೊಂದು. ಅದರ ದರ ಸೈಲೆನ್ಸರ್‌ನ ಹಲವು ಪಟ್ಟು. "ಬಾಳ ಮಂದಿ ಮೊದಲನೇದ್ದs ಮಾಡಸ್ತಾರ" ಅಂದರು. ನಾವು ಮೂವರೂ ಮುಖ ನೋಡಿಕೊಂಡೆವು. ಕಾರು ಹತ್ತು ದಿನ ಅಲ್ಲೇ ನಿಂತಿತು. ದುಡ್ಡು ಹೊಂದಿಸಿಕೊಂಡು ಎರಡನೆಯದನ್ನು ಮಾಡಿಸಿದೆವು.

ಕೆಲಸ ನಡೆದಾಗ ಪಕ್ಕದಲ್ಲೇ ಕೂತು ನೋಡಿದೆವು. ನಿಮ್ಮ ಹಳೇ ಕಾರಿಗೂ ಓಮ್ನಿಗೂ ಉಪಯೋಗವಾಗುವಂಥದ್ದನ್ನು ಹೇಳುತ್ತೇವೆ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಚಾಚಾ ಕೈ ಹಾಕಿದರು. ತುಕ್ಕು ಹಿಡಿದ ನಟ್ಟುಗಳಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿದ್ದರು. ಬಲವಂತ ಮಾಡಿದರೆ ಎಂಜಿನ್ ಕಡೆಯ ಬೋಲ್ಟ್ ಮುರಿದು ದೊಡ್ಡ ಕೆಲಸವಾಗುತ್ತದೆ. ಜೋಡಣೆಯ ಜಾಗಕ್ಕೆ ಹಳೇ ಗ್ಯಾಸ್ಕೆಟ್ ಮತ್ತೆ ಹಾಕಲಿಲ್ಲ, ಹೊಸದೇ ಹಾಕಿದರು. ಕೊಳವೆ ತೂಗುಹಾಕುವ ರಬ್ಬರ್‌ಗಳನ್ನೂ ಬದಲಿಸಿದರು. ಮೊದಲು ಎಲ್ಲ ಬೋಲ್ಟುಗಳನ್ನು ಸಡಿಲವಾಗಿ ಕೂರಿಸಿ, ಕೊಳವೆ ಎಲ್ಲೂ ತಾಗುತ್ತಿಲ್ಲ ಎಂದು ನೋಡಿ, ಆಮೇಲೆ ಎಂಜಿನ್ ಕಡೆಯಿಂದ ಹಿಂದಕ್ಕೆ ಬಿಗಿ ಮಾಡುತ್ತಾ ಬಂದರು.

ಕಾನೂನಿನಲ್ಲೂ ಇದಕ್ಕೆ ಅಳತೆ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 112ನೆಯದು ಹೊಗೆ ಕೆಳಕ್ಕೂ ಎಡಕ್ಕೂ ಬಿಡಬಾರದು, ಹಿಂದಕ್ಕೆ ಅಥವಾ ಬಲಕ್ಕೆ ಬಿಡಬೇಕು ಎನ್ನುತ್ತದೆ. ನಮ್ಮ ರಸ್ತೆಯ ಎಡಬದಿಗೆ ತಾನೇ ಜನ ನಡೆಯುವುದು, ಬಸ್ಸಿಗೆ ಕಾಯುವುದು. 113ನೆಯದು ಹೊಗೆ ಕೊಳವೆ ಪೆಟ್ರೋಲ್ ಕೊಳವೆಗೆ 35 ಮಿಲಿಮೀಟರ್‌ಗಿಂತ ಹತ್ತಿರ ಇರಬಾರದು ಎನ್ನುತ್ತದೆ. 120ನೆಯದು ಸೈಲೆನ್ಸರ್ ಕಡ್ಡಾಯ ಎನ್ನುತ್ತದೆ. ಹೊರಗಿನ ಮಾಲು ಹಾಕಿಸುವುದೇ ತಪ್ಪಲ್ಲ. ನಿಮ್ಮ ಮಾದರಿಗೆಂದೇ ತಯಾರಾದದ್ದು ಇರಬೇಕು. ಸದ್ದು, ಹೊಗೆ ಹೆಚ್ಚುವಂತೆ ಬದಲಿಸುವುದು ತಪ್ಪು.

ಕೊನೆಗೆ ಎಂಜಿನ್ ಚಾಲೂ ಮಾಡಿ, ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿದರು. ಕಾವು ಏರುವ ಮೊದಲೇ ಈ ಪರೀಕ್ಷೆ ಮಾಡಬೇಕು. ಒಂದು ಕಡೆ ಗುಳ್ಳೆ ಬಂತು, ಮತ್ತೆ ಬಿಗಿ ಮಾಡಿದರು.

ಇನ್ನೊಂದು ಮಾತು. ಕನ್ವರ್ಟರ್ ನೂರಾರು ಡಿಗ್ರಿ ಕಾಯುತ್ತದೆ. ಗೋವಿನಜೋಳ, ಹುರುಳಿ ರಸ್ತೆಗೆ ಹರವುವ ದಿನಗಳಲ್ಲಿ ಒಣ ದಂಟು, ಹೊಟ್ಟು ಕಾರಿನಡಿ ಸಿಕ್ಕಿಕೊಂಡರೆ ಬೆಂಕಿ ಹತ್ತಬಹುದು. ಅಂಥ ಕಡೆ ಕಾರು ಹಾಯಿಸಬೇಡಿ, ಒಣ ಹುಲ್ಲಿನ ಮೇಲೆ ನಿಲ್ಲಿಸಬೇಡಿ.

ಅಲ್ಲಿಂದ ನೇರ ಹೊಗೆ ತಪಾಸಣೆಗೆ ಹೋದೆವು. ಈ ಸಲ ಬೇರೆ ಕಡೆ. ಭಾರತ್ ಸ್ಟೇಜ್ 2 ಕಾರಿಗೆ ನಿಂತಲ್ಲಿ ಓಡುವಾಗ ಕಾರ್ಬನ್ ಮೊನಾಕ್ಸೈಡ್ ಶೇ. 0.5 ದಾಟಬಾರದು. ನಳಿಕೆ ಕೊಳವೆಯೊಳಗೆ ಹೋಗುವುದನ್ನು ಮೂವರೂ ಬಗ್ಗಿ ನೋಡಿದೆವು. ಅಂಕಿ ಮಿತಿಯೊಳಗೆ ಬಂತು. ತಪಾಸಣೆಯ ಹುಡುಗ ನಕ್ಕು, "ಯಾರೂ ಹಿಂಗ ನೋಡಂಗಿಲ್ರಿ" ಅಂದ.

ಈಗ ನಮ್ಮ ಕಾರು ಬರುವುದು ಕಟ್ಟೆಯವರಿಗೆ ಗೊತ್ತಾಗುವುದಿಲ್ಲ. ಆ ಮಗುವಿಗೆ ಈ ತಿಂಗಳು ಲಸಿಕೆ ಹಾಕಿಸಲು ಮತ್ತೆ ಅದೇ ಕಾರಿನಲ್ಲಿ, ಅದೇ ದಾರಿಯಲ್ಲಿ ಕರೆದೊಯ್ದೆವು. ಮಳೆ ಇರಲಿಲ್ಲ. ಆದರೂ ಗಾಜು ಒಂದಿಷ್ಟು ಇಳಿಸಿಯೇ ಇದ್ದೆವು.

ಈ ವಾರ ನಿಮ್ಮ ಕಾರು ಗ್ಯಾರೇಜಿಗೆ ಹೋದರೆ ಮೇಸ್ತ್ರಿಗೆ ಒಂದು ಮಾತು ಹೇಳಿ: ಎಂಜಿನ್ ಹತ್ತಿರದ ಆ ಡಬ್ಬಿಯನ್ನು ಒಮ್ಮೆ ತಟ್ಟಿ ನೋಡಿ ಅಂತ.